ಒಂದು ಮಿಲಿಮೀಟರ್ ಒಳಗೊಂದು ಕ್ಯಾಮೆರಾ: ಹುಳುವಿನ ಕಣ್ಣು ಕೊಟ್ಟ ಉಪಾಯ

ನಿಮ್ಮ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ. ಕಟಕ್ ಅಂತ ಅಲುಗುತ್ತದೆ. ಹಿಂಬದಿಯಲ್ಲಿ ಉಬ್ಬಿಕೊಂಡಿರುವ ಕ್ಯಾಮೆರಾವೇ ಅದಕ್ಕೆ ಕಾರಣ. ಫೋನಿನ ಪ್ರೊಸೆಸರ್ ವರ್ಷ ವರ್ಷವೂ ಚುರುಕಾಯಿತು, ಪರದೆ ಅಂಚಿನವರೆಗೂ ಹರಡಿಕೊಂಡಿತು. ಕ್ಯಾಮೆರಾದ ಉಬ್ಬು ಮಾತ್ರ ಇಳಿಯಲಿಲ್ಲ, ಇನ್ನೂ ಜಾಸ್ತಿಯೇ ಆಯಿತು. ಕಂಪನಿಗಳಿಗೆ ಅದನ್ನು ತೆಳ್ಳಗೆ ಮಾಡುವ ಆಸೆ ಇಲ್ಲದಿಲ್ಲ. ಅಡ್ಡ ನಿಂತಿರುವುದು ರೇಖಾಗಣಿತ.

ಲೆನ್ಸ್ ಒಂದು ದೂರದ ದೃಶ್ಯವನ್ನು ತನ್ನ ಬೆನ್ನ ಹಿಂದೆ ಒಂದು ಗೊತ್ತಾದ ದೂರದಲ್ಲಿ ಮೂಡಿಸುತ್ತದೆ. ಅದೇ ಫೋಕಲ್ ದೂರ. ಚಿತ್ರ ಹಿಡಿಯುವ ಸೆನ್ಸರ್ ಅಲ್ಲೇ ಕೂರಬೇಕು. ಹಿಂದೆ ಮುಂದೆ ಆದರೆ ಚಿತ್ರ ಮಸುಕು. ಈಗ ಕ್ಯಾಮೆರಾಗೆ 70 ಡಿಗ್ರಿ ಅಗಲದ ನೋಟ ಬೇಕು ಅಂದುಕೊಳ್ಳಿ. ಹಾಗಾದರೆ ಫೋಕಲ್ ದೂರ ಸೆನ್ಸರಿನ ಅಗಲದ ಸುಮಾರು 0.7ರಷ್ಟು ಇರಬೇಕಾಗುತ್ತದೆ. ಸೆನ್ಸರ್ 8 ಮಿ.ಮೀ. ಅಗಲ ಇದ್ದರೆ ಫೋಕಲ್ ದೂರ 5.7 ಮಿ.ಮೀ. ಅದರ ಮೇಲೆ ಗಾಜು, ಕವಚ ಎಲ್ಲ ಸೇರಿಸಿ. ಸೆನ್ಸರ್ ಚಿಕ್ಕದು ಮಾಡಿದರೆ ಉಬ್ಬು ಇಳಿಯುತ್ತದೆ ನಿಜ. ಆದರೆ ಒಳಗೆ ಬೀಳುವ ಬೆಳಕೂ ಇಳಿಯುತ್ತದೆ, ಸಂಜೆಯ ಮೇಲೆ ತೆಗೆದ ಫೋಟೋದ ತುಂಬ ಮರಳು ಚೆಲ್ಲಿದ ಹಾಗಿನ ಚುಕ್ಕೆಗಳು. ದೊಡ್ಡ ಸೆನ್ಸರ್ ಬೇಕು, ಕಮ್ಮಿ ದಪ್ಪವೂ ಬೇಕು. ಒಂದೇ ಲೆನ್ಸಿನಲ್ಲಿ ಎರಡೂ ಕೂಡಿಬರುವುದಿಲ್ಲ.

ಸರಿ, ಲೆನ್ಸ್ ಒಂದೇ ಯಾಕಿರಬೇಕು? ಅದೇ 8 ಮಿ.ಮೀ. ಸೆನ್ಸರನ್ನು ಅಡ್ಡಕ್ಕೆ ಹತ್ತು, ಉದ್ದಕ್ಕೆ ಹತ್ತು, ಒಟ್ಟು ನೂರು ಚೌಕಗಳಾಗಿ ಹಂಚಿ. ಪ್ರತಿ ಚೌಕದ ಮೇಲೂ ಒಂದೊಂದು ಪುಟಾಣಿ ಲೆನ್ಸ್ ಕೂರಿಸಿ. ಈಗ ಪ್ರತಿ ಚೌಕದ ಅಗಲ 0.8 ಮಿ.ಮೀ. ಹಾಗಾಗಿ ಫೋಕಲ್ ದೂರ ಕೂಡ 0.57 ಮಿ.ಮೀ.ಗೆ ಇಳಿಯಿತು. ಸೆನ್ಸರಿನ ಒಟ್ಟು ಜಾಗ ಅಷ್ಟೇ ಇದೆ, ದಪ್ಪ ಮಾತ್ರ ಹತ್ತನೇ ಒಂದು ಪಾಲಾಯಿತು. ಬೆಲೆ ಏನು ಅಂದರೆ, ಒಂದು ದೊಡ್ಡ ಚಿತ್ರದ ಬದಲು ನೂರು ಚಿಕ್ಕ ಚಿತ್ರಗಳು ಸಿಗುತ್ತವೆ. ಪ್ರತಿಯೊಂದರಲ್ಲೂ ಪಿಕ್ಸೆಲ್‌ಗಳು ನೂರರಲ್ಲಿ ಒಂದು ಪಾಲು.

ಲೆನ್ಸನ್ನು ಹೀಗೆ ಹಂಚುವ ಉಪಾಯ ಪ್ರಾಣಿಲೋಕದಲ್ಲಿ 50 ಕೋಟಿ ವರ್ಷಗಳಿಂದಲೂ ಇದೆ. ಎಂದೋ ಅಳಿದ ಕಡಲಜೀವಿಗಳಾದ ಟ್ರೈಲೋಬೈಟ್‌ಗಳ ಪಳೆಯುಳಿಕೆಯಲ್ಲಿ ಆ ಕಣ್ಣುಗಳು ಕಲ್ಲಾಗಿ ಉಳಿದಿವೆ. ಇವತ್ತು ಅದನ್ನು ಹೊತ್ತು ತಿರುಗುತ್ತಿರುವುದು ನೊಣ, ಜೇನು, ಕಣಜ, ಏರೋಪ್ಲೇನ್ ಚಿಟ್ಟೆ. ಅದಕ್ಕೇ ಇಂಥ ಕ್ಯಾಮೆರಾಗಳ ಸುದ್ದಿ ಬಂದಾಗಲೆಲ್ಲ ತಲೆಬರಹದಲ್ಲಿ "ನೊಣದ ಕಣ್ಣು" ಅಂತ ಇರುತ್ತದೆ. ನನ್ನ ಲೆಕ್ಕದಲ್ಲಿ ಆ ತಲೆಬರಹ ಅರ್ಧ ಮಾತ್ರ ಸರಿ. ನೊಣದ ಕಣ್ಣನ್ನು ಇದ್ದ ಹಾಗೇ ನಕಲು ಮಾಡಿದವರಿಗೆ ಒಳ್ಳೆಯ ಕ್ಯಾಮೆರಾ ಸಿಕ್ಕಿಲ್ಲ.

ನೊಣಕ್ಕೆ ಕಾಣುವುದೇನು?

ಸಿನಿಮಾಗಳಲ್ಲಿ ನೊಣದ ನೋಟ ತೋರಿಸುವಾಗ ಪರದೆ ತುಂಬ ಒಂದೇ ಮುಖದ ನೂರಾರು ಪ್ರತಿಗಳು ಬರುತ್ತವೆ ಅಲ್ವಾ? ಅದು ತಪ್ಪು. ಆದರೆ ಸುಮ್ನೆ ಹುಟ್ಟಿದ ತಪ್ಪಲ್ಲ, ಅದಕ್ಕೆ ಹಳೆಯ ಕಥೆಯೇ ಇದೆ.

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಒಂದು ನೊಣದ ತಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರ ಕಣ್ಣಿನ ಚಿತ್ರ ಬರೆದ. ಎರಡೂ ಕಣ್ಣಿನ ಮೇಲಿನ ಗುಬುಟುಗಳನ್ನು ಲೆಕ್ಕ ಹಾಕಿ ಸುಮಾರು 14,000 ಇವೆ ಅಂದ. ಕೆಲವು ದಶಕಗಳ ಮೇಲೆ ಡಚ್ಚರ ಲೇವೆನ್‌ಹುಕ್ ಒಂದು ಹೆಜ್ಜೆ ಮುಂದೆ ಹೋದ. ಹುಳುವಿನ ಕಣ್ಣಿನ ಹೊರಪೊರೆಯನ್ನು ಬಿಡಿಸಿ ತೆಗೆದು, ಅದರ ಮೂಲಕ ಮೋಂಬತ್ತಿಯ ಉರಿಯನ್ನು ನೋಡಿದ. ಪ್ರತಿ ಗುಬುಟಿನ ಹಿಂದೆಯೂ ಒಂದೊಂದು ಪುಟಾಣಿ ಉರಿ ತಲೆಕೆಳಗಾಗಿ ಕಂಡಿತು. ಅಂದಮೇಲೆ ಹುಳುವಿಗೂ ಹಾಗೇ ಕಾಣಬೇಕು ಅಂತ ಜನ ಅಂದುಕೊಂಡರು.

ಲೇವೆನ್‌ಹುಕ್ ಕಂಡದ್ದು ನಿಜವೇ. ಆದರೆ ಅವನು ತೆಗೆದು ಪಕ್ಕಕ್ಕಿಟ್ಟ ಒಳಭಾಗದಲ್ಲೇ ಗುಟ್ಟಿತ್ತು. ಸಂಯುಕ್ತ ಕಣ್ಣು ಅನೇಕ ಕಿರುಗಣ್ಣುಗಳ ಗೊಂಚಲು. ಪ್ರತಿ ಕಿರುಗಣ್ಣಿನ ತುದಿಯಲ್ಲಿ ಒಂದು ಲೆನ್ಸ್, ಜೇನಿನಲ್ಲಿ ಅದರ ಅಗಲ ಸುಮಾರು 25 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನಲವತ್ತನೇ ಒಂದು ಪಾಲು. ಅದರ ಕೆಳಗೆ ಪಾರದರ್ಶಕವಾದ ಒಂದು ಶಂಕು. ಅದರ ಕೆಳಗೆ ಬೆಳಕನ್ನು ಹಿಡಿಯುವ ಸಪೂರ ಕಡ್ಡಿ. ಸುತ್ತ ಬಣ್ಣ ತುಂಬಿದ ಜೀವಕೋಶಗಳ ಗೋಡೆ, ಪಕ್ಕದ ಕಿರುಗಣ್ಣಿನ ಬೆಳಕು ಇತ್ತ ನುಸುಳದಂತೆ. ಲೆನ್ಸ್ ಮೂಡಿಸಿದ ಪುಟಾಣಿ ಚಿತ್ರ ಆ ಕಡ್ಡಿಯ ತುದಿಗೆ ಬಿದ್ದಾಗ ಅಲ್ಲಿನ ವಿವರವೆಲ್ಲ ಕಲಸಿಹೋಗುತ್ತದೆ. ಕಡ್ಡಿಗೆ ತಿಳಿಯುವುದು ಇಷ್ಟೇ: ಈ ದಿಕ್ಕಿನಿಂದ ಇಷ್ಟು ಬೆಳಕು, ಇಂಥ ಬಣ್ಣ. ಒಂದು ಕಿರುಗಣ್ಣಿಗೆ ಒಂದು ಚುಕ್ಕಿ.

ಹಾಗಾಗಿ ಹುಳುವಿಗೆ ಕಾಣುವುದು ಒಂದೇ ಚಿತ್ರ, ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಚುಕ್ಕಿ ಚುಕ್ಕಿ ಸೇರಿ ಆದದ್ದು. ಬಾಳೆಹಣ್ಣಿನ ಸುತ್ತ ಹಾರುವ ಹಣ್ಣುನೊಣದ ಒಂದು ಕಣ್ಣಿನಲ್ಲಿ ಸುಮಾರು 750 ಕಿರುಗಣ್ಣುಗಳಿವೆ. ಅಡ್ಡಕ್ಕೆ 28, ಉದ್ದಕ್ಕೆ 27 ಚುಕ್ಕಿ ಇಟ್ಟರೆ ಅಷ್ಟಾಯಿತು. ಇಡೀ ಅಡುಗೆಮನೆ ಅದಕ್ಕೆ ಅಷ್ಟು ಚುಕ್ಕಿಗಳಲ್ಲಿ ಕಾಣಬೇಕು. ಕೆಲಸಗಾರ ಜೇನಿನ ಕಣ್ಣಿನಲ್ಲಿ 5,000ದ ಆಸುಪಾಸು. ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿರುವುದು ಏರೋಪ್ಲೇನ್ ಚಿಟ್ಟೆ. ಕೆಲವು ಜಾತಿಗಳಲ್ಲಿ ಒಂದು ಕಣ್ಣಿಗೆ 28,000ದವರೆಗೂ ಇರುತ್ತವೆ. ಆದರೂ ನಿಮ್ಮ ಫೋನಿನ ಅಗ್ಗದ ಸೆಲ್ಫಿ ಕ್ಯಾಮೆರಾದ ಮುಂದೆ ಅದು ಏನೇನೂ ಅಲ್ಲ.

ಲೆನ್ಸ್‌ಗಳನ್ನು ಇನ್ನಷ್ಟು ಚಿಕ್ಕದು ಮಾಡಿ, ಇನ್ನಷ್ಟು ಜಾಸ್ತಿ ತುಂಬಿದರೆ ಆಗದೇ? ಆಗುವುದಿಲ್ಲ. ಬೆಳಕು ಅಲೆ. ಚಿಕ್ಕ ಕಿಂಡಿಯಲ್ಲಿ ತೂರಿದರೆ ಹರಡಿಕೊಳ್ಳುತ್ತದೆ, ಕಿಂಡಿ ಚಿಕ್ಕದಾದಷ್ಟೂ ಹರಡುವುದು ಜಾಸ್ತಿ. ಅರ್ಧ ಮೈಕ್ರಾನ್ ಅಲೆಯುದ್ದದ ಹಸಿರು ಬೆಳಕು 25 ಮೈಕ್ರಾನ್ ಲೆನ್ಸಿನಲ್ಲಿ ಹಾದರೆ ಸುಮಾರು ಒಂದು ಡಿಗ್ರಿಯಷ್ಟು ಹರಡುತ್ತದೆ. ಜೇನಿನ ಕಣ್ಣು ಬಿಡಿಸಬಲ್ಲ ವಿವರವೂ ಹೆಚ್ಚುಕಮ್ಮಿ ಒಂದು ಡಿಗ್ರಿಯೇ. ಮನುಷ್ಯನ ಕಣ್ಣು ಅದರ ಅರವತ್ತನೇ ಒಂದು ಪಾಲನ್ನು ಬಿಡಿಸುತ್ತದೆ. ಸಂಯುಕ್ತ ಕಣ್ಣಿನಲ್ಲಿ ಅಷ್ಟು ಸ್ಪಷ್ಟತೆ ಬೇಕೆಂದರೆ ಪ್ರತಿ ಲೆನ್ಸೂ ದೊಡ್ಡದಾಗಬೇಕು, ಲೆನ್ಸ್‌ಗಳ ಸಂಖ್ಯೆಯೂ ಹೆಚ್ಚಬೇಕು. ಎರಡೂ ಒಟ್ಟಿಗೆ ಬೆಳೆದರೆ ಕಣ್ಣು ಎಲ್ಲಿಗೆ ಮುಟ್ಟುತ್ತದೆ? ಜರ್ಮನಿಯ ಕುನೊ ಕಿರ್ಶ್‌ಫೆಲ್ಡ್ 1976ರಲ್ಲಿ ಈ ಲೆಕ್ಕ ಹಾಕಿದರು. ನಮ್ಮಷ್ಟು ಚೆನ್ನಾಗಿ ನೋಡಬೇಕಾದರೆ ನಮ್ಮ ಸಂಯುಕ್ತ ಕಣ್ಣು ಏನಿಲ್ಲವೆಂದರೂ ಒಂದು ಮೀಟರ್ ಅಗಲ ಇರಬೇಕಾಗುತ್ತಿತ್ತು.

ಹಾಗಾದರೆ ಈ ಕಣ್ಣಿನಿಂದ ಹುಳುವಿಗೆ ಲಾಭವೇನು? ಕತ್ತು ತಿರುಗಿಸದೆ ಸುತ್ತಲೂ ಕಾಣುತ್ತದೆ. ತಲೆಯೊಳಗೆ ಜಾಗ ತಿನ್ನುವುದಿಲ್ಲ. ವೇಗವಂತೂ ಬೇರೆಯೇ. ನಮ್ಮೂರಿನ 50 ಹರ್ಟ್ಸ್ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮಗೆ ಒಂದೇ ಸಮ ಉರಿದಂತೆ ಕಾಣುತ್ತದೆ. ವೇಗವಾಗಿ ಹಾರುವ ನೊಣಗಳ ಕಣ್ಣು ಸೆಕೆಂಡಿಗೆ 200ಕ್ಕೂ ಜಾಸ್ತಿ ಮಿನುಗನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲದು. ಟವೆಲ್ ಬೀಸಿದಾಗ ನೊಣ ಪ್ರತಿಸಲ ತಪ್ಪಿಸಿಕೊಳ್ಳುವುದು ಸುಮ್ನೆ ಅಲ್ಲ.

ಗುಮ್ಮಟ ಕಟ್ಟಿದವರು

2013ರಲ್ಲಿ ನೊಣದ ಕಣ್ಣನ್ನು ಇದ್ದಂತೆಯೇ ಕಟ್ಟುವ ಎರಡು ದೊಡ್ಡ ಪ್ರಯತ್ನಗಳು ಹೊರಬಂದವು. ಎರಡಕ್ಕೂ ಒಂದೇ ತಲೆನೋವು. ಹುಳುವಿನ ಕಣ್ಣು ಉಬ್ಬು, ಸಿಲಿಕಾನ್ ಚಿಪ್ಪು ಚಪ್ಪಟೆ. ಚಿಪ್ಪನ್ನು ಬಾಗಿಸಿದರೆ ಮುರಿಯುತ್ತದೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜಾನ್ ರೋಜರ್ಸ್ ತಂಡ ಲೆನ್ಸ್‌ಗಳನ್ನು ರಬ್ಬರಿನಂಥ ಹಾಳೆಯ ಮೇಲೆ ಮೂಡಿಸಿತು. ಬೆಳಕು ಹಿಡಿಯುವ ಸಿಲಿಕಾನ್ ಚೂರುಗಳನ್ನು ಹಾವಿನಂತೆ ಸುತ್ತಿ ಸಾಗುವ ತೆಳುತಂತಿಗಳಿಂದ ಜೋಡಿಸಿತು. ಎಲ್ಲವನ್ನೂ ಮೊದಲು ಚಪ್ಪಟೆಯಾಗಿಯೇ ತಯಾರಿಸಿ, ಆಮೇಲೆ ಅರ್ಧಗೋಳವಾಗುವಂತೆ ಉಬ್ಬಿಸಿದರು. ಹಿಗ್ಗುವಾಗ ತಂತಿಗಳು ನೇರವಾದವು, ಚೂರುಗಳು ಮುರಿಯಲಿಲ್ಲ. 160 ಡಿಗ್ರಿ ನೋಟ ಸಿಕ್ಕಿತು. ಕೈಚಳಕ ಅಂದರೆ ಇದೇ. ಆದರೆ ಕಿರುಗಣ್ಣುಗಳು ಎಷ್ಟು? 180. ಅಂದರೆ ಚಿತ್ರದಲ್ಲಿ 180 ಚುಕ್ಕಿ. ಸ್ವಲ್ಪ ನೋಡುವಂಥ ಚಿತ್ರ ಬೇಕಾದರೆ ಕ್ಯಾಮೆರಾವನ್ನು ಇಷ್ಟಿಷ್ಟೇ ತಿರುಗಿಸುತ್ತ ಅನೇಕ ಸಲ ತೆಗೆದು ಸೇರಿಸಬೇಕಾಯಿತು.

ಯುರೋಪಿನ ಕರ್ವೇಸ್ ತಂಡ ಅದೇ ವರ್ಷ ಬೇರೆ ದಾರಿ ಹಿಡಿಯಿತು. ಚಿಪ್ಪನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಕಂಬದ ಮೈಗೆ ಸುತ್ತಿದರು. 42 ಸಾಲು, ಸಾಲಿಗೆ 15, ಒಟ್ಟು 630 ಕಿರುಗಣ್ಣು. ತೂಕ 1.75 ಗ್ರಾಂ. ಅಡ್ಡಕ್ಕೆ 180 ಡಿಗ್ರಿ, ಉದ್ದಕ್ಕೆ 60 ಡಿಗ್ರಿ ನೋಟ. ಈ ತಂಡ ಫೋಟೋದ ಗೋಜಿಗೇ ಹೋಗಲಿಲ್ಲ. ಪುಟಾಣಿ ರೋಬೋ ಏನನ್ನೂ ಢಿಕ್ಕಿ ಹೊಡೆಯದೆ ಓಡಾಡಲು ಬೇಕಾದಷ್ಟು ಚಲನೆ ಗೊತ್ತಾದರೆ ಅವರಿಗೆ ಸಾಕಿತ್ತು. ಹುಳುವಿನ ಕಣ್ಣಿಗೆ ಹುಳುವಿನ ಕೆಲಸವನ್ನೇ ಕೊಟ್ಟರು ನೋಡಿ, ಎರಡರಲ್ಲಿ ನನಗೆ ಹೆಚ್ಚು ಜಾಣತನ ಕಾಣುವುದು ಇದರಲ್ಲೇ.

ಕಣಜದ ಹೊಟ್ಟೆಯಲ್ಲಿದ್ದ ಮಾದರಿ

ಫೋಟೋ ಬೇಕು ಅನ್ನುವವರಿಗೆ ದಾರಿ ತೋರಿಸಿದ್ದು ಯಾರೂ ಕೇಳಿರದ ಒಂದು ಹುಳು. ಹೆಸರು ಜೀನೋಸ್ ಪೆಕಿ. ಕಾಗದದಂಥ ಗೂಡು ಕಟ್ಟುವ ಕಣಜಗಳ ಮೈಯೊಳಗೆ ಬೆಳೆಯುವ ಪರಾವಲಂಬಿ. ಈ ಹುಳುವಿನ ಹೆಣ್ಣು, ಕಣಜದ ಹೊಟ್ಟೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಗಂಡಿಗೆ ರೆಕ್ಕೆ ಇದೆ, ಹೊರಬಂದ ಮೇಲೆ ಬದುಕುವುದು ಕೆಲವೇ ಗಂಟೆ. ಅಷ್ಟರೊಳಗೆ ಹೆಣ್ಣಿರುವ ಕಣಜವನ್ನು ಹುಡುಕಿಕೊಳ್ಳಬೇಕು. ಅದರ ಕಣ್ಣು ನೋಡಿದರೆ ಒರಟು. ಒಂದು ಕಣ್ಣಿಗೆ ಸುಮಾರು 50 ಲೆನ್ಸ್ ಮಾತ್ರ, ಒಂದೊಂದೂ ಉಳಿದ ಹುಳುಗಳ ಲೆನ್ಸಿಗಿಂತ ಎಷ್ಟೋ ದೊಡ್ಡದು.

1999ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಎಲ್ಕೆ ಬುಶ್‌ಬೆಕ್ ಮತ್ತು ಜೊತೆಗಾರರು ಆ ಲೆನ್ಸ್‌ಗಳ ಕೆಳಗೆ ಇಣುಕಿದರು. ಅಲ್ಲಿ ಒಂಟಿ ಕಡ್ಡಿ ಇರಲಿಲ್ಲ. ಪ್ರತಿ ಲೆನ್ಸಿನ ಕೆಳಗೂ ನೂರರಷ್ಟು ಬೆಳಕಿನ ಕೋಶಗಳಿದ್ದ ಪುಟ್ಟ ರೆಟಿನಾ! ಅಂದರೆ ಈ ಹುಳುವಿನ ಪ್ರತಿ ಕಿರುಗಣ್ಣೂ ಒಂದೊಂದು ತುಣುಕು ಚಿತ್ರವನ್ನೇ ಹಿಡಿಯುತ್ತದೆ. ತುಣುಕುಗಳನ್ನು ಮಿದುಳು ಜೋಡಿಸುತ್ತದೆ. ಸಿನಿಮಾದವರು ನೊಣದ ತಲೆಗೆ ಕಟ್ಟಿದ ನೋಟಕ್ಕೆ ಒಂಚೂರು ಹತ್ತಿರ ಬರುವ ಜೀವಿ ಇದೊಂದೇ ಇರಬೇಕು.

ಎಂಜಿನಿಯರ್‌ಗಳಿಗೆ ಇದರಿಂದ ಹಾದಿ ಸಲೀಸಾಯಿತು. ಒಂದು ಲೆನ್ಸಿಗೆ ಒಂದೇ ಚುಕ್ಕಿ ಅನ್ನುವ ಕಟ್ಟು ಹೋಯಿತು. ಚಿಪ್ಪು ಉಬ್ಬಿರಲೇಬೇಕು ಅನ್ನುವ ಕಟ್ಟೂ ಹೋಯಿತು. ಮಾಮೂಲಿ ಚಪ್ಪಟೆ ಸೆನ್ಸರ್ ತೆಗೆದುಕೊಂಡು, ಅದರ ಮೇಲೆ ಲೆನ್ಸ್‌ಗಳ ಹಾಳೆ ಹೊದಿಸಿದರೆ ಸಾಕು. ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯಲ್ಲಿ ಕಿ-ಹುನ್ ಜಿಯಾಂಗ್ ತಂಡ ಮಾಡಿದ್ದು ಇದನ್ನೇ. ಇದೇ ಜಿಯಾಂಗ್ 2006ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಲ್ಯೂಕ್ ಲೀ ಜೊತೆ ಸಾವಿರಾರು ಕಿರುಗಣ್ಣುಗಳ ಚಂದದ ಗುಮ್ಮಟವನ್ನೇ ಕಟ್ಟಿದ್ದರು. ಅದರ ಹಿಂದೆ ಚಿತ್ರ ಹಿಡಿಯುವ ಸೆನ್ಸರ್ ಇರಲಿಲ್ಲ. 2018ರ ಹೊತ್ತಿಗೆ ಜೀನೋಸ್ ಪೆಕಿಯ ಮಾದರಿಗೆ ಬಂದರು. 2020ರಲ್ಲಿ ಅವರ ಕ್ಯಾಮೆರಾದ ಲೆನ್ಸ್‌ಭಾಗದ ಒಟ್ಟು ದಪ್ಪ 0.74 ಮಿ.ಮೀ.ಗೆ ಇಳಿದಿತ್ತು, ನೋಟದ ಅಗಲ 73 ಡಿಗ್ರಿ.

ಇಂಥ ಲೆನ್ಸ್‌ಗಳನ್ನು ಯಾರೂ ಉಜ್ಜಿ ನಯಮಾಡಿ ತಯಾರಿಸುವುದಿಲ್ಲ. ಗಾಜಿನ ಮೇಲೆ ಬೆಳಕಿಗೆ ಸ್ಪಂದಿಸುವ ಒಂದು ಪ್ಲಾಸ್ಟಿಕ್ ದ್ರವವನ್ನು ತೆಳ್ಳಗೆ ಹರಡುತ್ತಾರೆ. ಮೇಲೆ ತೂತುಗಳ ಅಚ್ಚು ಇಟ್ಟು ನೇರಳಾತೀತ ಬೆಳಕು ಹಾಯಿಸಿ, ಬೇಡದ ಭಾಗವನ್ನು ತೊಳೆದು ತೆಗೆದರೆ ಸಾಲು ಸಾಲು ಮೋಟು ಕಂಬಗಳು ಉಳಿಯುತ್ತವೆ. ಈಗ ಬಿಸಿ ಮಾಡುತ್ತಾರೆ. ಕಂಬಗಳು ಮೆತ್ತಗಾಗಿ ಕರಗುತ್ತವೆ. ಕರಗಿದ ಹನಿಯನ್ನು ಅದರ ಮೇಲ್ಮೈ ಎಳೆತವೇ ನುಣ್ಣನೆಯ ಗುಮ್ಮಟವಾಗಿ ಎಳೆದುಕೊಳ್ಳುತ್ತದೆ. ಆರಿಸಿದರೆ ಲೆನ್ಸ್ ಸಿದ್ಧ. ಕಂಬ ಎಷ್ಟು ಅಗಲ, ಎಷ್ಟು ಎತ್ತರ ಇತ್ತು ಅನ್ನುವುದರ ಮೇಲೆ ಲೆನ್ಸಿನ ಉಬ್ಬು ಹೆಚ್ಚುಕಮ್ಮಿ ಆಗುತ್ತದೆ. ಒಂದೇ ಸಲಕ್ಕೆ ನೂರೂ ಆಗಬಹುದು, ಲಕ್ಷವೂ ಆಗಬಹುದು.

ಕಷ್ಟದ ಕೆಲಸ ಕಪ್ಪು ಬಳಿಯುವುದು. ಲೆನ್ಸ್‌ಗಳು ಅಷ್ಟು ಒತ್ತೊತ್ತಾಗಿ ಕೂತಾಗ ಒಂದರ ಓರೆಬೆಳಕು ಪಕ್ಕದವರ ಚಿತ್ರದೊಳಗೆ ಬಿದ್ದು ಎಲ್ಲ ಮಬ್ಬಾಗುತ್ತದೆ. ಹುಳು ಬಣ್ಣದ ಕೋಶಗಳ ಗೋಡೆ ಕಟ್ಟಿ ಇದನ್ನು ತಡೆಯುತ್ತದೆ ಅಂದೆನಲ್ಲ. ಕೈಸ್ಟ್ ತಂಡ ಸಣ್ಣ ತೂತುಗಳಿರುವ ಬೆಳಕುನುಂಗುವ ಪದರಗಳನ್ನು ಒಂದರ ಮೇಲೊಂದು ಇಟ್ಟಿತು. ತನ್ನ ಲೆನ್ಸಿನಿಂದ ನೆಟ್ಟಗೆ ಬಂದ ಬೆಳಕು ಎಲ್ಲ ತೂತುಗಳನ್ನೂ ದಾಟುತ್ತದೆ. ಪಕ್ಕದಿಂದ ಓರೆಯಾಗಿ ಬಂದದ್ದು ಯಾವುದಾದರೂ ಒಂದು ಪದರಕ್ಕೆ ಬಡಿದು ಅಲ್ಲೇ ಸಾಯುತ್ತದೆ. ಲೆನ್ಸ್‌ಗಳನ್ನು ಬೋರಲಾಗಿ, ಉಬ್ಬಿದ ಮುಖ ಸೆನ್ಸರ್ ಕಡೆಗಿರುವಂತೆ ಕೂರಿಸಿದ್ದೂ ಇದರ ಜೊತೆಗಿನ ಒಂದು ಉಪಾಯ.

ನೂರು ಚಿತ್ರಗಳನ್ನು ಏನು ಮಾಡುವುದು?

ಪಿಕ್ಸೆಲ್ ಕಮ್ಮಿಯಾದದ್ದನ್ನು ಕೊಂಚ ಮಟ್ಟಿಗೆ ವಾಪಸ್ ಪಡೆಯಬಹುದು. ಇದನ್ನು ಮೊದಲು ಚೆನ್ನಾಗಿ ತೋರಿಸಿದವರು ಜಪಾನಿನ ಒಸಾಕಾದಲ್ಲಿ ಜುನ್ ತನಿದಾ ಮತ್ತು ಸಂಗಡಿಗರು, 2001ರಲ್ಲಿ. ತಮ್ಮ ಕ್ಯಾಮೆರಾಗೆ ಟೊಂಬೊ ಅಂತ ಹೆಸರಿಟ್ಟರು, ಜಪಾನಿಯಲ್ಲಿ ಏರೋಪ್ಲೇನ್ ಚಿಟ್ಟೆ. ಎರಡು ಲೆನ್ಸ್‌ಗಳು ಒಂದೇ ದೃಶ್ಯವನ್ನು ನೋಡಿದರೂ ಅವುಗಳ ಪಿಕ್ಸೆಲ್‌ಗಳು ದೃಶ್ಯದ ಮೇಲೆ ಒಂದೇ ಜಾಗಕ್ಕೆ ಬೀಳುವುದಿಲ್ಲ. ಒಂದರ ಪಿಕ್ಸೆಲ್ ಅಂಚು ಇನ್ನೊಂದರ ಪಿಕ್ಸೆಲ್ ನಡುವೆ ಬರುತ್ತದೆ. ಈ ಅರೆಬರೆ ಜಾರುವಿಕೆಯನ್ನು ಲೆಕ್ಕ ಹಾಕಿ ಹೆಣೆದರೆ ಒಂಟಿ ಚಿತ್ರಕ್ಕಿಂತ ಹೆಚ್ಚು ವಿವರದ ಚಿತ್ರ ಬರುತ್ತದೆ. ಜೊತೆಗೆ ಮಸುಕು ಬೆಳಕಿನ ಚುಕ್ಕೆಗಳೂ ಅಡಗುತ್ತವೆ. ನೂರು ಚಿತ್ರಗಳ ಸರಾಸರಿ ತೆಗೆದರೆ ಆ ಗದ್ದಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ನೂರು ಪಾಲು ಕಳೆದುಕೊಂಡು ನೂರು ಪಾಲೂ ವಾಪಸ್ ಬಂತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪುಟ್ಟ ಲೆನ್ಸಿನ ಬೆಳಕಿನ ಹರಡುವಿಕೆಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಒರೆಸಲಾರದು.

ನಿಜವಾದ ಗಳಿಕೆ ಬೇರೆ ಕಡೆ ಇದೆ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿಯುತ್ತದೆ. ಬೆರಳು ಹತ್ತಿರ ತಂದಷ್ಟೂ ಜಿಗಿತ ದೊಡ್ಡದು. ಆ ಜಿಗಿತ ಅಳೆದರೆ ದೂರ ಸಿಗುತ್ತದೆ. ನೂರು ಲೆನ್ಸ್‌ಗಳ ಕ್ಯಾಮೆರಾದಲ್ಲಿ ನೂರು ಕಣ್ಣುಗಳು ಒಂದೇ ಕ್ಲಿಕ್ಕಿನಲ್ಲಿ ನೂರು ಜಾಗಗಳಿಂದ ನೋಡಿರುತ್ತವೆ. ಚಿತ್ರದ ಜೊತೆಗೆ ಆಳವೂ ಬಂತು. ಲೇಸರ್ ಬೇಡ, ಎರಡನೇ ಕ್ಯಾಮೆರಾ ಬೇಡ.

ಲೆಕ್ಕ ಸರಳ. ಎರಡು ಲೆನ್ಸ್‌ಗಳ ನಡುವಿನ ಅಂತರವನ್ನು ಫೋಕಲ್ ದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿ. ಬಂದದ್ದು ಸೆನ್ಸರಿನ ಮೇಲಿನ ಜಿಗಿತ. ಫೋಕಲ್ ದೂರ ಅರ್ಧ ಮಿ.ಮೀ., ಲೆನ್ಸ್‌ಗಳ ಅಂತರ 1 ಮಿ.ಮೀ., ಒಂದು ಪಿಕ್ಸೆಲ್ 2 ಮೈಕ್ರಾನ್ ಅಂತ ಇಟ್ಟುಕೊಳ್ಳೋಣ. 5 ಸೆಂ.ಮೀ. ದೂರದ ವಸ್ತು 10 ಮೈಕ್ರಾನ್ ಜಿಗಿಯುತ್ತದೆ, ಅಂದರೆ 5 ಪಿಕ್ಸೆಲ್. ಚೆನ್ನಾಗಿ ಅಳೆಯಬಹುದು. 10 ಸೆಂ.ಮೀ.ನಲ್ಲಿ ಎರಡೂವರೆ ಪಿಕ್ಸೆಲ್. ಅರ್ಧ ಮೀಟರಿನಲ್ಲಿ ಅರ್ಧ ಪಿಕ್ಸೆಲ್. ಒಂದು ಮೀಟರಿನಾಚೆ ಮರ, ಮನೆ, ಬೆಟ್ಟ ಎಲ್ಲ ಇದಕ್ಕೆ ಹೆಚ್ಚುಕಮ್ಮಿ ಒಂದೇ ದೂರ. ಇಷ್ಟು ಚಿಕ್ಕ ಕ್ಯಾಮೆರಾ ಆಳ ಅಳೆಯುತ್ತದೆ ಅನ್ನುವ ಮಾತಿಗೆಲ್ಲ "ಹತ್ತಿರದ್ದನ್ನು" ಅನ್ನುವ ಪದ ಸೇರಿಸಿಕೊಂಡು ಓದಬೇಕು.

ಇನ್ನೊಂದು ತೊಡಕೂ ಇದೆ. ಎರಡು ಚಿತ್ರಗಳಲ್ಲಿ ಅದೇ ಬಿಂದುವನ್ನು ಗುರುತಿಸಿದರೆ ತಾನೇ ಜಿಗಿತ ಅಳೆಯುವುದು? ಸುಣ್ಣ ಬಳಿದ ಬೋಳು ಗೋಡೆಯಲ್ಲಿ ಗುರುತು ಹಿಡಿಯಲು ಏನೂ ಇಲ್ಲ. ಅಲ್ಲಿ ಈ ಕ್ಯಾಮೆರಾಗಳು ತಬ್ಬಿಬ್ಬಾಗುತ್ತವೆ. ಬೇಕಾದರೆ ಗೋಡೆಯ ಮೇಲೆ ಬೆಳಕಿನ ಚುಕ್ಕಿಗಳನ್ನು ತಾನೇ ಎರಚಿ ನೋಡಬೇಕು.

ಆದರೆ ಒಂದು ವರ ಪುಕ್ಕಟೆಯಾಗಿ ಸಿಗುತ್ತದೆ. ಫೋಕಲ್ ದೂರ ಅಷ್ಟು ಕಿರಿದಾದಾಗ ಫೋಕಸ್ ಮಾಡುವ ಗೋಜೇ ಇಲ್ಲ. 5 ಮಿ.ಮೀ. ಫೋಕಲ್ ದೂರದ ಫೋನ್ ಲೆನ್ಸನ್ನು ಒಂದೇ ಕಡೆ ನಿಲ್ಲಿಸಿಬಿಟ್ಟರೆ, ಸುಮಾರು 3 ಮೀಟರಿನಿಂದ ಆಚೆಯದು ಮಾತ್ರ ಸ್ಪಷ್ಟ. ಹತ್ತಿರದ್ದು ಬೇಕೆಂದರೆ ಮೋಟರು ಲೆನ್ಸನ್ನು ಸರಿಸಬೇಕು. ಅದೇ ಲೆಕ್ಕದಲ್ಲಿ ಅರ್ಧ ಮಿ.ಮೀ. ಲೆನ್ಸಿಗೆ 3 ಸೆಂ.ಮೀ.ನಿಂದ ದಿಗಂತದವರೆಗೂ ಎಲ್ಲ ಸ್ಪಷ್ಟ. ಅಲುಗಾಡುವ ಭಾಗ ಒಂದೂ ಬೇಡ.

ಹುಳುಗಳು ದೂರವನ್ನು ಹೇಗೆ ಅಳೆಯುತ್ತವೆ ಅನ್ನುವುದಂತೂ ಬೇರೆಯೇ ಸ್ವಾರಸ್ಯ, ಅದರಲ್ಲಿ ನಮ್ಮ ಬೆಂಗಳೂರಿನ ನಂಟೂ ಇದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಎಂ. ವಿ. ಶ್ರೀನಿವಾಸನ್ ಜೇನುಗಳನ್ನು ಗೆರೆ ಬಳಿದ ಓಣಿಯಲ್ಲಿ ಹಾರಿಸಿದರು. ಗೋಡೆಗಳು ಸುಮ್ಮನಿದ್ದಾಗ ಜೇನು ಸರಿಯಾಗಿ ನಡುವೆ ಹಾರುತ್ತದೆ. ಒಂದು ಬದಿಯ ಗೆರೆಗಳನ್ನು ಜೇನು ಹೋಗುವ ದಿಕ್ಕಿಗೇ ಸರಿಸಿದರೆ ಅದು ಆ ಗೋಡೆಯ ಹತ್ತಿರಕ್ಕೆ ವಾಲುತ್ತದೆ. ಯಾಕೆ? ಆ ಬದಿಯ ದೃಶ್ಯ ಈಗ ಕಣ್ಣ ಮುಂದೆ ನಿಧಾನಕ್ಕೆ ಜಾರುತ್ತಿದೆ. ನಿಧಾನ ಜಾರುವುದು ದೂರದ್ದು ಅನ್ನುವುದು ಜೇನಿನ ಲೆಕ್ಕ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಕಂಬಗಳು ಸರ್ರನೆ, ದೂರದ ಬೆಟ್ಟ ಮೆಲ್ಲಗೆ ಹೋಗುವುದನ್ನು ನಾವೂ ಕಂಡಿದ್ದೇವೆ. ಜೇನು ಅದರ ಮೇಲೆಯೇ ಇಡೀ ಹಾರಾಟ ನಡೆಸುತ್ತದೆ. ಎರಡು ಕಣ್ಣುಗಳ ಅಂತರ ಕೆಲವೇ ಮಿಲಿಮೀಟರ್ ಇರುವವರಿಗೆ ಇದೇ ವಾಸಿ. 2006ರಲ್ಲಿ ಶ್ರೀನಿವಾಸನ್ ಅವರಿಗೆ ಆಸ್ಟ್ರೇಲಿಯಾದ ಪ್ರಧಾನಮಂತ್ರಿಗಳ ವಿಜ್ಞಾನ ಪ್ರಶಸ್ತಿ ಬಂತು. ಅವರ ಸೂತ್ರಗಳನ್ನು ಪುಟ್ಟ ವಿಮಾನಗಳು ನೆಲಕ್ಕಿಳಿಯಲು ಬಳಸಿ ನೋಡಿದ್ದಾರೆ.

ಎರಡೂ ಕಣ್ಣು ಸೇರಿಸಿ ಆಳ ಕಾಣುವ ಹುಳು ಅಂದರೆ ಕೈಮುಗಿದು ಕೂತಂತೆ ಕಾಣುವ ಮ್ಯಾಂಟಿಸ್. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜೆನಿ ರೀಡ್, ವಿವೇಕ್ ನಿತ್ಯಾನಂದ ಮತ್ತು ಸಂಗಡಿಗರು ಜೇನುಮೇಣ ಹಚ್ಚಿ ಅದಕ್ಕೆ ಹಸಿರು-ನೀಲಿ ತ್ರೀಡಿ ಕನ್ನಡಕ ಅಂಟಿಸಿದರು. ಪುಟ್ಟ ಪರದೆಯ ಮೇಲೆ ಚುಕ್ಕಿಯೊಂದನ್ನು ಓಡಾಡಿಸಿದರು. ಚುಕ್ಕಿ ಕೈಗೆ ಎಟಕುವಷ್ಟು ಹತ್ತಿರ ಇದ್ದಂತೆ ಕಂಡಾಗ ಮ್ಯಾಂಟಿಸ್ ಗಬಕ್ಕನೆ ಕೈ ಬೀಸಿತು. 2018ರ ಪ್ರಯೋಗ ಇನ್ನೂ ಚೆಂದ. ಎರಡು ಕಣ್ಣಿಗೂ ಹೊಂದಿಕೆಯೇ ಇಲ್ಲದ ಚಿತ್ರ ತೋರಿಸಿದರು. ಮನುಷ್ಯರು ಅದರಲ್ಲಿ ಸೋತರು, ಮ್ಯಾಂಟಿಸ್ ಗೆದ್ದಿತು. ಅದು ಚಿತ್ರದ ವಿವರಗಳನ್ನು ಹೋಲಿಸುವುದಿಲ್ಲ, ಎಲ್ಲಿ ಬದಲಾಗುತ್ತಿದೆ ಅನ್ನುವುದನ್ನಷ್ಟೇ ಹೋಲಿಸುತ್ತದೆ. ಕಮ್ಮಿ ಬ್ಯಾಟರಿಯ ರೋಬೋ ಮಾಡುವವರು ಕಿವಿ ನೆಟ್ಟಗೆ ಮಾಡಿಕೊಂಡದ್ದು ಈ ಸುದ್ದಿ ಕೇಳಿ.

ಅಂಗಡಿಗೆ ಬಂದದ್ದು, ಬರದದ್ದು

ಪುಟ್ಟ ಲೆನ್ಸ್‌ಗಳ ಹಾಳೆಯಿಂದ ಆಳ ಹಿಡಿಯುವ ಯೋಚನೆ ಫ್ರಾನ್ಸಿನ ಗೇಬ್ರಿಯಲ್ ಲಿಪ್‌ಮನ್ 1908ರಲ್ಲೇ ಮಂಡಿಸಿದ್ದರು. ಅದು ಅಂಗಡಿಗೆ ಬರಲು 2012 ಆಗಬೇಕಾಯಿತು. ಲೈಟ್ರೋ ಅನ್ನುವ ಕಂಪನಿಯ ಕ್ಯಾಮೆರಾದಲ್ಲಿ ದೊಡ್ಡ ಲೆನ್ಸಿನ ಹಿಂದೆ ಇಂಥ ಹಾಳೆ ಇತ್ತು, ಫೋಟೋ ತೆಗೆದ ಮೇಲೆ ಫೋಕಸ್ ಬದಲಿಸಬಹುದಿತ್ತು. ಜನ ಬೆರಗಾದರು, ಕೊಳ್ಳಲಿಲ್ಲ. ಸೆನ್ಸರ್ 1.1 ಕೋಟಿ ಕಿರಣ ಹಿಡಿದರೂ ಕೊನೆಗೆ ಕೈಗೆ ಬಂದ ಫೋಟೋ 1080 ಅಡ್ಡ 1080, ಹತ್ತಿರಹತ್ತಿರ 12 ಲಕ್ಷ ಪಿಕ್ಸೆಲ್. ಆಳಕ್ಕೆ ಕಟ್ಟಿದ ಬೆಲೆ ಕಣ್ಣಿಗೆ ಹೊಡೆಯುವಂತಿತ್ತು. 2018ರಲ್ಲಿ ಕಂಪನಿ ಬಾಗಿಲು ಹಾಕಿತು.

ಪ್ರಯೋಗಾಲಯಗಳು ಮಾತ್ರ ನಿಲ್ಲಲಿಲ್ಲ. 2022ರಲ್ಲಿ ಅಮೆರಿಕದ ಅಳತೆ-ಮಾನಕಗಳ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ ಮತ್ತು ಜೊತೆಗಾರರು ಡಾಲ್ಮನಿಟಿನಾ ಸೋಶಿಯಾಲಿಸ್ ಅನ್ನುವ, ಎಂದೋ ಅಳಿದ ಟ್ರೈಲೋಬೈಟಿನ ಕಣ್ಣಿನಿಂದ ಉಪಾಯ ಕಲಿತರು. ಅದರ ಪ್ರತಿ ಲೆನ್ಸಿಗೂ ಎರಡು ಫೋಕಸ್, ಒಂದು ಹತ್ತಿರಕ್ಕೆ, ಒಂದು ದೂರಕ್ಕೆ. ಇವರು ಟೈಟಾನಿಯಂ ಡೈಆಕ್ಸೈಡಿನ ಅತಿಸಣ್ಣ ಕಂಬಗಳಿಂದ ಚಪ್ಪಟೆ ಲೆನ್ಸ್ ಮಾಡಿ, 39 ಅಡ್ಡ 39 ಸಾಲಿನಲ್ಲಿ ಕೂರಿಸಿದರು. ಸಾಗುವಾಗ ಬಲಕ್ಕೆ ತಿರುಚುತ್ತ ಹೋಗುವ ಅಲೆಯ ಬೆಳಕು ಒಂದು ದೂರಕ್ಕೆ, ಎಡಕ್ಕೆ ತಿರುಚಿದ್ದು ಇನ್ನೊಂದು ದೂರಕ್ಕೆ ಫೋಕಸ್ ಆಗುತ್ತದೆ. 3 ಸೆಂ.ಮೀ. ಹತ್ತಿರದ್ದೂ, 1.7 ಕಿ.ಮೀ. ದೂರದ್ದೂ ಒಂದೇ ಫೋಟೋದಲ್ಲಿ ಸ್ಪಷ್ಟವಾಗಿ ಬಂತು.

ಕೈಸ್ಟ್ ತಂಡ 2025ರಲ್ಲಿ ವೇಗದ ಕಡೆ ಹೊರಳಿತು. ಮಾಮೂಲಿ ಸೆನ್ಸರ್ ಚಿತ್ರವನ್ನು ಒಟ್ಟಿಗೆ ಓದುವುದಿಲ್ಲ, ಒಂದೊಂದು ಸಾಲಾಗಿ ಮೇಲಿಂದ ಕೆಳಕ್ಕೆ ಓದುತ್ತದೆ. ತಿರುಗುವ ಫ್ಯಾನಿನ ಫೋಟೋ ತೆಗೆದರೆ ರೆಕ್ಕೆ ಬಾಗಿದಂತೆ ಕಾಣುವುದು ಇದರಿಂದಲೇ. ಎಲ್ಲರೂ ದೋಷ ಅನ್ನುವ ಇದನ್ನು ಅವರು ಬಂಡವಾಳ ಮಾಡಿಕೊಂಡರು. ಅನೇಕ ಲೆನ್ಸ್‌ಗಳಿದ್ದರೆ ಒಂದೊಂದರ ಚಿತ್ರ ಒಂದೊಂದು ಕ್ಷಣದ್ದಾಗುತ್ತದೆ. ಒಂದು ಫ್ರೇಮಿನೊಳಗೇ ಅನೇಕ ಫ್ರೇಮುಗಳು! ಸೆಕೆಂಡಿಗೆ 9,120 ಚಿತ್ರ, ದಪ್ಪ ಒಂದು ಮಿ.ಮೀ.ಗೂ ಕಮ್ಮಿ. ಲೆನ್ಸ್‌ಗಳ ಬೆಳಕನ್ನು ಕೂಡಿಸಿಕೊಳ್ಳುವುದರಿಂದ ಸಾಮಾನ್ಯ ಹೈಸ್ಪೀಡ್ ಕ್ಯಾಮೆರಾಗೆ ಕಾಣುವುದಕ್ಕಿಂತ 40 ಪಟ್ಟು ಮಂಕಾದ ವಸ್ತುವೂ ಕಾಣಿಸಿತು. ಮಿಂಚುಹುಳದಿಂದ ಮ್ಯಾಂಟಿಸ್‌ವರೆಗೆ ಹುಳುಲೋಕದಲ್ಲಿ ಏನೆಲ್ಲ ಇದೆಯೋ, ಈ ಕ್ಯಾಮೆರಾ ಅದರಲ್ಲಿ ಬೇಕಾದ್ದನ್ನು ಆರಿಸಿ ತೆಗೆದುಕೊಂಡಿದೆ, ಬೇಡದ್ದನ್ನು ಬಿಟ್ಟಿದೆ.

ನಿಮ್ಮ ಫೋನಿನ ಹಿಂಬದಿಯ ಮುಖ್ಯ ಕ್ಯಾಮೆರಾ ಇದರಿಂದ ಸದ್ಯಕ್ಕೆ ತೆಳ್ಳಗಾಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಅಲ್ಲಿ ಪಿಕ್ಸೆಲ್ ಬಿಟ್ಟುಕೊಡಲು ಯಾರೂ ತಯಾರಿಲ್ಲ. ಮೈಯೊಳಗೆ ಇಳಿಸಿ ನೋಡುವ ಕೊಳವೆ ಎಂಡೋಸ್ಕೋಪಿನ ತುದಿ ಬೇರೆ ಮಾತು. ಕರುಳಿನ ಗೋಡೆ ಅಲ್ಲಿ ಲೆನ್ಸಿನಿಂದ ಕೆಲವೇ ಸೆಂ.ಮೀ. ದೂರ, ಗಂಟು ಎಷ್ಟು ಉಬ್ಬಿದೆ ಅನ್ನುವುದು ಡಾಕ್ಟರಿಗೆ ಮುಖ್ಯ, ಜಾಗ ಮಿಲಿಮೀಟರ್ ಲೆಕ್ಕದಲ್ಲಿ. ಹಲ್ಲಿನ ಡಾಕ್ಟರು ಬಾಯೊಳಗೆ ಇಡುವ ಕ್ಯಾಮೆರಾಗೂ ಅದೇ ಮಾತು. ಮುಖ ಗುರುತಿಸುವ ಮುಂಬದಿ ಕ್ಯಾಮೆರಾಗೆ ಆದೀತೇ? ಮುಖ ಸಾಮಾನ್ಯವಾಗಿ 30 ಸೆಂ.ಮೀ. ದೂರ ಇರುತ್ತದೆ. 1 ಮಿ.ಮೀ. ಅಂತರದ ಲೆನ್ಸ್‌ಗಳಿಗೆ ಅಲ್ಲಿ ಒಂದು ಪಿಕ್ಸೆಲ್ ಜಿಗಿತವೂ ಸಿಗುವುದಿಲ್ಲ. ಹಾಳೆಯ ಆ ತುದಿಯ ಲೆನ್ಸನ್ನೂ ಈ ತುದಿಯದನ್ನೂ ಜೋಡಿ ಮಾಡಿ, ನಡುವೆ 5 ಮಿ.ಮೀ. ಅಂತರ ಸಿಕ್ಕರೆ, ನಾಲ್ಕು ಪಿಕ್ಸೆಲ್. ಮೂಗು ಕೆನ್ನೆಗಿಂತ ಮುಂದಿದೆ ಅಂತ ಹೇಳಲು ಅಷ್ಟು ಹೆಚ್ಚುಕಮ್ಮಿ ಸಾಕಾಗಬಹುದು.